ದಿಂಬಿನ ಕೆಳಗೆ ಉಳಿದ ಪಾಸ್‌ಪೋರ್ಟ್

ನವೆಂಬರ್ 16, 2024, ಶನಿವಾರ
ನೋಯ್ ಬಾಯ್ ವಿಮಾನ ನಿಲ್ದಾಣ, ಹನೋಯ್

ವಿಮಾನಕ್ಕೆ ಇನ್ನೂ ನಾಲ್ಕು ಗಂಟೆ ಇದೆ. 86ನೇ ನಂಬರಿನ ಕಿತ್ತಳೆ ಬಸ್ಸಿಗೆ 45,000 ಡಾಂಗ್ ಕೊಟ್ಟು ಇಲ್ಲಿಗೆ ಬಂದು, ಫೋನ್ ಚಾರ್ಜ್ ಮಾಡಲು ಜಾಗ ಸಿಕ್ಕ ಒಂದು ಕಂಬದ ಪಕ್ಕ ನೆಲದ ಮೇಲೆ ಕೂತಿದ್ದೇನೆ. ಬ್ಯಾಗಿನ ಎಡಗಡೆ ಪಟ್ಟಿ ಹ್ಯೂ ಊರಿನಲ್ಲೇ ಕಿತ್ತುಹೋಗಿತ್ತು. ಅಲ್ಲಿಂದ ಇಲ್ಲಿವರೆಗೆ ಎರಡು ಪಿನ್ನು ಚುಚ್ಚಿಕೊಂಡು ಹೊತ್ತಿದ್ದೇನೆ. ಶೂ ಇನ್ನೂ ಒಣಗಿಲ್ಲ. ನಮ್ಮಲ್ಲಿ ಮಳೆ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಮಧ್ಯ ವಿಯೆಟ್ನಾಂನಲ್ಲಿ ಮಳೆ ಜೋರು, ಆ ಕಡೆ ಹೋಗುವವರು ನವೆಂಬರ್‌ನಲ್ಲಿ ಶೂ ನಂಬಿಕೊಂಡು ಹೋಗಬೇಡಿ, ಚಪ್ಪಲಿ ಇಟ್ಟುಕೊಳ್ಳಿ.

ಹದಿನೆಂಟು ದಿನದ ಸುತ್ತಾಟದ ಬಗ್ಗೆ ಮನೆಗೆ ಹೋದ ಮೇಲೆ ಬರೆಯುತ್ತೇನೆ. ಇವತ್ತು ನಿನ್ನೆಯ ಒಂದು ಗಂಟೆ ಬಗ್ಗೆ ಬರೆಯಬೇಕು. ಅದನ್ನು ಬರೆಯದೆ ವಿಮಾನ ಹತ್ತಲು ಮನಸ್ಸು ಬರುತ್ತಿಲ್ಲ.

ಮಧ್ಯ ವಿಯೆಟ್ನಾಂನ ಹೋಯ್ ಆನ್ ಊರಿನಲ್ಲಿ ನಾನು ಉಳಿದದ್ದು ಐದೇ ಕೋಣೆಗಳ ಒಂದು ಮನೆಯಲ್ಲಿ. ನಡೆಸುವಾಕೆಗೆ ನಲವತ್ತೈದರ ಆಸುಪಾಸು. ಮೊದಲ ದಿನವೇ ನನ್ನ ವಯಸ್ಸು ಕೇಳಿದರು. ಮೂವತ್ನಾಲ್ಕು ಅಂದೆ. ಹಾಗಾದರೆ ನೀನು 'ಎಮ್', ನಾನು 'ಚಿ' ಅಂದರು. ಎಮ್ ಅಂದರೆ ತಂಗಿಯೂ ಹೌದು, ತಮ್ಮನೂ ಹೌದು. ಚಿ ಅಂದರೆ ಅಕ್ಕ. ಅಲ್ಲಿ ಮಾತು ಶುರು ಮಾಡಬೇಕಾದರೆ ಎದುರಿಗಿರುವವರು ನಮಗೆ ಅಕ್ಕನೋ ಅಣ್ಣನೋ ಚಿಕ್ಕಮ್ಮನೋ ಅಂತ ಮೊದಲು ಗೊತ್ತಾಗಬೇಕು. ನಮಗೇನೂ ಹೊಸದಲ್ಲ ಇದು, ಬಸ್ಸಿನಲ್ಲಿ ಪಕ್ಕ ಕೂತವರನ್ನೂ ನಾವು ಅಕ್ಕ ಅನ್ನುತ್ತೇವೆ ಅಲ್ವಾ.

ನಾನು ಮೀ ಸನ್‌ಗೆ ಹೊರಟ ದಿನ ಅಕ್ಕ ಐದು ಗಂಟೆಗೇ ಎದ್ದು, ಉದ್ದನೆಯ ಬ್ರೆಡ್ಡಿನೊಳಗೆ ಹುರಿದ ತೋಫು, ಸೌತೆಕಾಯಿ ತುಂಬಿ ಕಟ್ಟಿಕೊಟ್ಟಿದ್ದರು. ಮೀನಿನ ಸಾಸ್ ಹಾಕಿಲ್ಲ ಅಂತ ಬಾಟಲಿ ತೋರಿಸಿ, ಕೈ ಅಲ್ಲಾಡಿಸಿ ಹೇಳಿದರು. ಮೀ ಸನ್ ಅಂದರೆ ಹಿಂದೆ ಮಧ್ಯ ವಿಯೆಟ್ನಾಂ ಆಳಿದ ಚಂಪಾ ರಾಜರ ಶಿವಾಲಯಗಳ ಜಾಗ. ನಾಲ್ಕನೇ ಶತಮಾನದಲ್ಲಿ ಭದ್ರವರ್ಮ ಅನ್ನುವ ರಾಜ ಭದ್ರೇಶ್ವರನಿಗೆ ಗುಡಿ ಕಟ್ಟಿಸಿದ್ದು ಅಲ್ಲೇ. 1969ರಲ್ಲಿ ಅಮೆರಿಕದ ಬಾಂಬಿಗೆ ಅಲ್ಲಿನ ಅತಿ ಚೆಂದದ ಗೋಪುರವೇ ಬಿದ್ದುಹೋಯಿತು. ಬಾಂಬು ಬಿದ್ದ ಹೊಂಡಗಳು ಹುಲ್ಲು ಬೆಳೆದು ಇನ್ನೂ ಹಾಗೇ ಇವೆ. ನಮ್ಮ ಪುರಾತತ್ವ ಇಲಾಖೆಯವರು 2017ರಿಂದ ಅಲ್ಲಿ ಕೆಲಸ ಮಾಡಿದ್ದಾರೆ, 2020ರಲ್ಲಿ ಮಣ್ಣು ತೆಗೆಯುವಾಗ ಒಂದೇ ಕಲ್ಲಿನಲ್ಲಿ ಕಡೆದ ಲಿಂಗ ಸಿಕ್ಕಿತು. ನಾನು ಬನವಾಸಿ ಪಕ್ಕದ ಊರಿನವಳು. ನಮ್ಮ ಮಯೂರವರ್ಮನದೂ ಅದೇ ನಾಲ್ಕನೇ ಶತಮಾನ. ಕೆಂಪು ಇಟ್ಟಿಗೆ ಗೋಡೆಗೆ ಅಂಗೈ ಇಟ್ಟು ಎಷ್ಟೋ ಹೊತ್ತು ನಿಂತಿದ್ದೆ. ಸಂಜೆ ವಾಪಸ್ ಬಂದು ಅಕ್ಕನಿಗೆ ಫೋನಿನಲ್ಲಿ ಬನವಾಸಿ ಗುಡಿಯ ಫೋಟೋ ತೋರಿಸಿದರೆ, ಅವರು ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡು ನೋಡಿದರು.

ಇಂಥವರ ಮೇಲೆ ನಾನು ನಿನ್ನೆ ಕೂಗಾಡಿದೆ.

ನಿನ್ನೆ ಹನೋಯ್ ರೈಲು ಹಿಡಿಯಲು ದಾ ನಾಂಗ್ ಸ್ಟೇಷನ್ನಿಗೆ ಒಂದೂವರೆ ಗಂಟೆ ಮೊದಲೇ ತಲುಪಿದ್ದೆ. ಟಿಕೆಟ್ ತೆಗೆದಿಡೋಣ ಅಂತ ಸೊಂಟದ ಚೀಲ ತೆಗೆದರೆ ಪಾಸ್‌ಪೋರ್ಟ್ ಇಲ್ಲ. ಚೀಲವನ್ನು ಬೆಂಚಿನ ಮೇಲೆ ಬೋರಲು ಹಾಕಿದೆ. ಮಾತ್ರೆ, ಬೀಗದ ಕೈ, ಚಿಲ್ಲರೆ, ಅಮ್ಮ ಕೊಟ್ಟ ಕುಂಕುಮದ ಪೊಟ್ಟಣ ಎಲ್ಲ ಬಿತ್ತು, ಅದೊಂದು ಬೀಳಲಿಲ್ಲ. ಕೈಕಾಲು ತಣ್ಣಗಾಯಿತು. ಮರುದಿನ ವಿಮಾನ, ರಾಯಭಾರ ಕಚೇರಿಗೆ ಶನಿವಾರ, ಭಾನುವಾರ ರಜೆ. ಅಲ್ಲಿ ವಿದೇಶಿಯರು ಉಳಿದರೆ ಪೊಲೀಸರಿಗೆ ವಿವರ ಕಳಿಸಬೇಕು ಅಂತ ಮನೆಯವರು ಪಾಸ್‌ಪೋರ್ಟ್ ಇಸ್ಕೊಳ್ಳುತ್ತಾರೆ. ನಾನು ಕೌಂಟರ್‌ನಲ್ಲಿ ಕೊಟ್ಟಿದ್ದು ಮಾತ್ರ ಕಣ್ಣಮುಂದೆ ಬಂತು. ಅಲ್ಲಿನವರ ವಾಟ್ಸಾಪ್‌ನಂಥ ಜಾಲೋ ಆ್ಯಪ್‌ನಲ್ಲಿ ಅಕ್ಕನಿಗೆ ಫೋನ್ ಮಾಡಿದೆ. ನೀವು ಇಟ್ಟುಕೊಂಡಿದ್ದೀರಿ, ಯಾಕೆ ವಾಪಸ್ ಕೊಡಲಿಲ್ಲ, ನನ್ನ ವಿಮಾನ ತಪ್ಪಿದರೆ ಯಾರು ಹೊಣೆ ಅಂತ ಇಂಗ್ಲಿಷಿನಲ್ಲಿ ಒಂದೇ ಸಮ ಜೋರಾಗಿ ಕೇಳಿದೆ. ಪಕ್ಕದ ಬೆಂಚಿನಲ್ಲಿದ್ದ ಮಗು ಅಳುವುದು ನಿಲ್ಲಿಸಿ ನನ್ನನ್ನೇ ನೋಡಿತು. ಅಕ್ಕ "ಎಮ್, ಎಮ್, ತಾಳು" ಅಂದು ಫೋನಿಟ್ಟರು.

ಐದು ನಿಮಿಷ ಬಿಟ್ಟು ಒಂದು ಫೋಟೋ ಬಂತು. ನನ್ನ ಕೋಣೆಯ ಹಾಸಿಗೆ. ದಿಂಬನ್ನು ಒಂದು ಕೈ ಎತ್ತಿ ಹಿಡಿದಿದೆ. ಕೆಳಗೆ ನೀಲಿ ಪಾಸ್‌ಪೋರ್ಟ್.

ಆಗ ನೆನಪಾಯಿತು. ಹಿಂದಿನ ರಾತ್ರಿ ಚಾಂದ್ರಮಾನದ ಹದಿನಾಲ್ಕನೇ ದಿನ. ಹೋಯ್ ಆನ್‌ನ ಹಳೇ ಪೇಟೆಯಲ್ಲಿ ತಿಂಗಳಿಗೊಮ್ಮೆ ಆ ರಾತ್ರಿ ಕರೆಂಟಿನ ದೀಪ ಆರಿಸಿ ಲಾಟೀನು ಹಚ್ಚುತ್ತಾರೆ, ನದಿಯಲ್ಲಿ ಕಾಗದದ ದೀಪ ಬಿಡುತ್ತಾರೆ. ಅದನ್ನು ನೋಡಿಕೊಂಡು ತಡವಾಗಿ ಬಂದಾಗ ಅಕ್ಕ ಬಾಗಿಲಲ್ಲೇ ನಿಂತು ಪಾಸ್‌ಪೋರ್ಟ್ ಕೈಗೆ ಕೊಟ್ಟಿದ್ದರು. ಬೆಳಿಗ್ಗೆ ಮರೆಯಬಾರದು ಅಂತ ನಾನೇ ದಿಂಬಿನ ಕೆಳಗೆ ಇಟ್ಟಿದ್ದೆ.

ಅಕ್ಕ ತಮ್ಮನನ್ನು ಸ್ಕೂಟರಿನಲ್ಲಿ ಕಳಿಸಿದರು. ಮೂವತ್ತು ಕಿಲೋಮೀಟರು, ಜಿಟಿಜಿಟಿ ಮಳೆ ಬೇರೆ. ರೈಲು ಹೊರಡಲು ಹನ್ನೊಂದು ನಿಮಿಷ ಇದ್ದಾಗ ಆ ಹುಡುಗ ರೇನ್‌ಕೋಟಿನಿಂದ ನೀರು ಸುರಿಸಿಕೊಂಡು ಓಡಿಬಂದ. ಪಾಸ್‌ಪೋರ್ಟಿಗೆ ಎರಡು ಪ್ಲಾಸ್ಟಿಕ್ ಕವರ್, ಎರಡಕ್ಕೂ ಬಿಗಿಯಾಗಿ ಗಂಟು. ಒಂದು ಲಕ್ಷದ ಎರಡು ನೋಟು ಕೊಟ್ಟೆ. ಪೆಟ್ರೋಲಿಗೆ ಅಂತ ಒಂದು ಇಟ್ಟುಕೊಂಡು ಇನ್ನೊಂದನ್ನು ನನ್ನ ಕೈಗೇ ತುರುಕಿ, ಓಡು ಅಂತ ಪ್ಲಾಟ್‌ಫಾರ್ಮ್ ತೋರಿಸಿದ.

ದಾ ನಾಂಗ್ ಬಿಟ್ಟ ಮೇಲೆ ರೈಲು ಹಾಯ್ ವಾನ್ ಘಟ್ಟ ಹತ್ತುತ್ತದೆ. ಬಲಗಡೆ ಕಿಟಕಿ ಕೆಳಗೇ ಸಮುದ್ರ. ಎಲ್ಲರೂ ಹೊಗಳುವ ದಾರಿ ಅದು, ನಾನೂ ಅದಕ್ಕಾಗಿಯೇ ಹಗಲಿನ ರೈಲು ಹಿಡಿದಿದ್ದೆ. ಆದರೆ ಗಂಟು ಬಿಚ್ಚದ ಆ ಕವರನ್ನು ತೊಡೆ ಮೇಲಿಟ್ಟುಕೊಂಡು ಸುಮ್ನೆ ಕೂತಿದ್ದೆ. ಅದೇ ತಪ್ಪನ್ನು ನಮ್ಮೂರಲ್ಲಿ ಮಾಡಿದ್ದರೆ, ಅಕ್ಕನ ಮನೆಯಲ್ಲಿ ಏನಾದರೂ ಬಿಟ್ಟುಬಂದಿದ್ದರೆ, "ಅಕ್ಕಾ, ಅಲ್ಲೇ ಎಲ್ಲೋ ಬಿಟ್ಟೆ ನೋಡು" ಅನ್ನುತ್ತಿದ್ದೆ. ಇಲ್ಲಿ ಮಾತ್ರ ಬಾಯಲ್ಲಿ ಅಕ್ಕ ಅನ್ನುತ್ತಾ ಮನಸ್ಸಿನಲ್ಲಿ ಒಂದು ಕಣ್ಣು ಅವರ ಮೇಲಿಟ್ಟೇ ಇದ್ದೆ. ಹೊರಡುವ ಮೊದಲು ಓದಿದ ಎಚ್ಚರಿಕೆಗಳೆಲ್ಲ ತಲೆಯಲ್ಲಿದ್ದವು. ಚಿಲ್ಲರೆ ಎಣಿಸು, ನೋಟು ನೋಡು, ಯಾರನ್ನೂ ನಂಬಬೇಡ. ಹದಿನೆಂಟು ದಿನ ಹಾಗೇ ಬದುಕಿದ್ದಕ್ಕೆ ಆ ಕೂಗು ಅಷ್ಟು ಸಲೀಸಾಗಿ ಬಂತು ಅನಿಸುತ್ತದೆ. ತುಂಬಾ ಬೇಜಾರಾಯಿತು.

ನಿನ್ನೆ ಕಾರ್ತಿಕ ಹುಣ್ಣಿಮೆ. ಅಮ್ಮ ದೀಪ ಹಚ್ಚಿದ ಫೋಟೋ ಕಳಿಸಿದ್ದಳು. ಇಲ್ಲೂ ಹುಣ್ಣಿಮೆಗೆ ಅಂಗಡಿಗಳ ಮುಂದೆ ಹಣ್ಣು, ಹೂವು, ಊದುಬತ್ತಿ ಇಡುತ್ತಾರೆ, ಎಷ್ಟೋ ಜನ ಅವತ್ತು ಮಾಂಸ ಮುಟ್ಟುವುದಿಲ್ಲ. ಅದಕ್ಕೆ 'ಚಯ್' ಅನ್ನುತ್ತಾರೆ. ಸಸ್ಯಾಹಾರಿಗಳಿಗೆ ಆ ಒಂದು ಮಾತು ಗೊತ್ತಿದ್ದರೆ ಹೊಟ್ಟೆಗೆ ತೊಂದರೆ ಇಲ್ಲ.

ಇವತ್ತು ಬೆಳಗಿನ ಜಾವ ಹನೋಯ್‌ನಲ್ಲಿ ಇಳಿದಾಗ ಫುಟ್‌ಪಾತಿನಲ್ಲಿ ಒಬ್ಬ ಅಜ್ಜಿ ಬುಟ್ಟಿಗೆ ಕಂಬಳಿ ಮುಚ್ಚಿಕೊಂಡು ಅರಿಶಿನ ಬಣ್ಣದ ಅಂಟಕ್ಕಿ ಅನ್ನ ಮಾರುತ್ತಿದ್ದರು. ಬೆಂದ ಹೆಸರುಬೇಳೆಯ ಉಂಡೆಯನ್ನು ಚಾಕುವಿನಿಂದ ತೆಳ್ಳಗೆ ಹೆರೆದು ಮೇಲೆ ಉದುರಿಸುತ್ತಾರೆ. ಚಯ್ ಅಂದೆ, ಅಜ್ಜಿ ಕೊಬ್ಬಿನ ಸೌಟು ಪಕ್ಕಕ್ಕಿಟ್ಟರು. ನೀಲಿ ನೋಟು ಕೊಟ್ಟು ಹೊರಟೆ. ಅಜ್ಜಿ ನನ್ನ ಅಂಗಿಯ ತುದಿ ಹಿಡಿದು ಎಳೆದರು. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ, ಎರಡರಲ್ಲೂ ಹೋ ಚಿ ಮಿನ್ ಮುಖ. ನಾನು ಕೊಟ್ಟದ್ದು ದೊಡ್ಡದು, ನಮ್ಮ ಸಾವಿರದ ಆರುನೂರು ರೂಪಾಯಿಗೂ ಜಾಸ್ತಿ. ಅಜ್ಜಿ ಸೊನ್ನೆಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ತೋರಿಸಿ, ನನ್ನ ಪರ್ಸಿನಿಂದ ಸರಿಯಾದ ನೋಟು ತಾವೇ ಆರಿಸಿಕೊಂಡರು. ಅದರ ಹಿಂದೆ ಹೋಯ್ ಆನ್‌ನ ಜಪಾನಿ ಸೇತುವೆಯ ಚಿತ್ರ ಇತ್ತು. ದುರಸ್ತಿ ಮುಗಿದು ಈ ಆಗಸ್ಟ್‌ನಲ್ಲಿ ಮತ್ತೆ ತೆರೆದ ಸೇತುವೆ, ಅಕ್ಕನ ಮನೆಯಿಂದ ಹತ್ತು ನಿಮಿಷದ ದಾರಿ.

ಅಲ್ಲೇ ಪುಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಅಕ್ಕನಿಗೆ ಬರೆದೆ. ಪಾಸ್‌ಪೋರ್ಟ್ ನೀವು ಕೊಟ್ಟಿದ್ದಿರಿ, ಮರೆತದ್ದು ನಾನು, ಹಾಗೆ ಕೂಗಬಾರದಿತ್ತು, ಸಿನ್ ಲೋಯ್ ಚಿ. ಕ್ಷಮಿಸಿ ಅಕ್ಕ.

ಮಧ್ಯಾಹ್ನದವರೆಗೂ ಉತ್ತರ ಇಲ್ಲ. ಈಗ, ಇದನ್ನು ಬರೆಯುತ್ತಿರುವಾಗ ಬಂತು. ನಿನ್ನೆಯ ಸುದ್ದಿಯೇ ಇಲ್ಲ ಅದರಲ್ಲಿ. ಒಂದೇ ಸಾಲು. ಅನುವಾದಕ್ಕೆ ಹಾಕಿ ನೋಡಿದರೆ, "ತಂಗಿ, ಊಟ ಆಯ್ತಾ?"

ಅಜ್ಜಿಯ ಅನ್ನದ ಫೋಟೋ ಕಳಿಸಿದೆ. ಆಯ್ತು ಅಕ್ಕ.