ಲಿಸನ್ ಮತ್ತು ಶ್ರುತಿ ದಾಯಾದಿಗಳು

ಹ್ಯಾಮ್ಲೆಟ್ ನಾಟಕದಲ್ಲಿ ಅಪ್ಪನ ಭೂತ ಮಗನಿಗೆ 'ಲಿಸ್ಟ್, ಲಿಸ್ಟ್' ಅನ್ನುತ್ತದೆ. ಬೆಂಗಳೂರಲ್ಲಿ ಲಿಸ್ಟ್ ಅಂದರೆ ದಿನಸಿ ಅಂಗಡಿಗೆ ಒಯ್ಯುವ ಚೀಟಿ. ಭೂತ ಹೇಳುತ್ತಿರುವುದು 'ಕೇಳಪ್ಪಾ' ಅಂತ, ಚೀಟಿಗೂ ಇದಕ್ಕೂ ನಂಟಿಲ್ಲ.

ಈ ಲಿಸ್ಟ್ ಹಳೇ ಇಂಗ್ಲಿಷಿನಲ್ಲಿ ಹ್ಲಿಸ್ಟನ್ ಆಗಿತ್ತು. ಅದರ ಒಡಹುಟ್ಟು ಹ್ಲಿಸ್ನನ್, ಅದೇ ಇವತ್ತಿನ ಲಿಸನ್. ಬರೆಯುವಾಗ ಲಿಸನ್ ನಡುವೆ ಸುಮ್ನೆ ಕೂತಿರುತ್ತದಲ್ಲ ಟಿ ಅಕ್ಷರ, ಅದು ಲಿಸ್ಟ್ ಸಹವಾಸದಿಂದ ಅಂಟಿಕೊಂಡದ್ದು. ಎರಡರಲ್ಲೂ ಮುಂದಿದ್ದ ಹಕಾರ ಆಮೇಲೆ ಬಿದ್ದುಹೋಯಿತು.

ಮಜಾ ಇರೋದೇ ಆ ಹಕಾರದಲ್ಲಿ. ಇಂಗ್ಲಿಷ್, ಸಂಸ್ಕೃತ, ಗ್ರೀಕ್ ಎಲ್ಲಾ ಒಂದೇ ಹಳೇ ಮೂಲಭಾಷೆಯಿಂದ ಬಂದವು, ಆ ಮೂಲದಲ್ಲಿ ಇದು ಕಕಾರದಂಥ ಸದ್ದು. ಜರ್ಮನ್, ಇಂಗ್ಲಿಷ್ ಕಡೆಯ ಭಾಷೆಗಳಲ್ಲಿ ಅದು ಹ ಆಯಿತು, ಸಂಸ್ಕೃತದಲ್ಲಿ ಶ ಆಯಿತು. ಜರ್ಮನ್ ಭಾಷಾಪಂಡಿತ ಯಾಕೋಬ್ ಗ್ರಿಮ್ 1822ರಲ್ಲಿ ಜರ್ಮನ್ ಕಡೆಯ ಬದಲಾವಣೆಯನ್ನು ನಿಯಮವಾಗಿಯೇ ಬರೆದಿಟ್ಟ. ಹೌಂಡ್–ಶ್ವಾನ, ಹಂಡ್ರೆಡ್–ಶತ, ಜೋಡಿಸಿ ನೋಡಿ. ಕನ್ನಡದವರಿಗೆ ಇದೇನೂ ವಿಚಿತ್ರ ಅಲ್ಲ ಅಲ್ವಾ, ಹಳಗನ್ನಡದ ಪಾಲು ಹಾಲಾಗಿ, ಪುಲಿ ಹುಲಿಯಾದದ್ದು ಗೊತ್ತಿದ್ದವರಿಗೆ? ಹಾಗೇ ಅಲ್ಲಿ ಹ್ಲು, ಇಲ್ಲಿ ಶ್ರು. ಶ್ರವಣ, ಶ್ರೋತೃ, ಶ್ರುತಿ ಎಲ್ಲಾ ಆ ಬೇರಿನವು. ಗ್ರೀಕರ ಕ್ಲೆಯೋಸ್ ಕೂಡ. ಅರ್ಥ ಕೀರ್ತಿ, ಅಂದರೆ ನಾಲ್ಕು ಜನರ ಕಿವಿಗೆ ಬಿದ್ದದ್ದು.

ಮಲ್ಲೇಶ್ವರದ ನಮ್ಮ ಮನೆ ಮೇಲ್ಮಹಡಿಯಲ್ಲಿ ಸಂಗೀತ ಪಾಠ ನಡೆಯುತ್ತದೆ. ಶ್ರುತಿಪೆಟ್ಟಿಗೆ ಗುಂಯ್‌ಗುಡುತ್ತಿರುತ್ತದೆ, ಮಕ್ಕಳು ಸರಳೆ ವರಸೆಯಲ್ಲಿ ಮೇಲಿನ ಷಡ್ಜಕ್ಕೆ ಹೋಗಿ ಜಾರುತ್ತಾರೆ. ಆಗ ಟೀಚರ್: "ಶ್ರುತಿ ಬಿಟ್ಯಲ್ಲೋ, ಸರಿಯಾಗಿ ಲಿಸನ್ ಮಾಡು!" ದಾಯಾದಿಗಳಿಬ್ಬರೂ ಒಂದೇ ಬೈಗುಳದಲ್ಲಿ. ಅಂದಹಾಗೆ ಲೌಡ್ ಪದವೂ ಇದೇ ಮನೆತನದ್ದು, ಗಣೇಶನ ಪೆಂಡಾಲಿನ ಲೌಡ್‌ಸ್ಪೀಕರ್‌ಗೂ ಶ್ರುತಿಗೂ ರಕ್ತಸಂಬಂಧ ಅಂದರೆ ಟೀಚರ್ ಒಪ್ಪಲಿಕ್ಕಿಲ್ಲ.

ಹಾಗಂತ ಸದ್ದು ಹೋಲಿತು ಅಂತ ಸಿಕ್ಕಿದ್ದನ್ನೆಲ್ಲ ಈ ಬಳಗಕ್ಕೆ ಸೇರಿಸೋ ಹಾಗಿಲ್ಲ. ಶ್ರವಣಬೆಳಗೊಳದ ಶ್ರವಣ ಬಂದದ್ದು ಶ್ರಮಣ ಎಂಬ ಪದದಿಂದ, ಅಂದರೆ ಜೈನ ಸನ್ಯಾಸಿ. ಕಿವಿಯ ಮಾತೇ ಇಲ್ಲ. ಇಂಗ್ಲಿಷಿನ ಹಿಯರ್ ಕೂಡ ಲಿಸನ್ ಬಳಗ ಅಲ್ಲ, ಅದರ ಬೇರು ಬೇರೆ.

ನಮ್ಮ 'ಕೇಳು' ಅಂತೂ ಈ ಜಗಳಕ್ಕೇ ಬರುವುದಿಲ್ಲ. ಅದು ಅಚ್ಚ ದ್ರಾವಿಡ, ತಮಿಳಲ್ಲೂ ಕೇಳ್, ಮಲಯಾಳದಲ್ಲೂ ಕೇಳ್. ಮೇಲಾಗಿ ಕಿವಿಗೊಡುವುದಕ್ಕೂ ಅದೇ, ಪ್ರಶ್ನೆ ಹಾಕುವುದಕ್ಕೂ ಅದೇ, ಅಂಗಡಿಯಲ್ಲಿ ರೇಟು ವಿಚಾರಿಸುವುದಕ್ಕೂ ಅದೇ.