ಇನ್ನೊಂದು ದಿಂಬು ಇದ್ಯಾ?

ಎಂಡೋಸ್ಕೋಪಿ ಟೇಬಲ್ ಮೇಲೆ ಮಲಗುವಾಗ ಅವರು ಕೇಳಿದ್ದು ಇಷ್ಟೇ: ‘ಇನ್ನೊಂದು ದಿಂಬು ಇದ್ಯಾ ಡಾಕ್ಟ್ರೇ?’ ನಾನು ಅರಿವಳಿಕೆ ಕೊಡುವ ಡಾಕ್ಟರ್. ಭಯಕ್ಕೆ ಹೀಗೆ ಕೇಳ್ತಾರೆ ಅಂದುಕೊಂಡೆ. ಇದ್ದ ಒಂದನ್ನೂ ತೆಗೆಸಿ ಎಡಕ್ಕೆ ತಿರುಗಿಸಿದೆ. ಲಿಸ್ಟ್‌ನಲ್ಲಿ ಇನ್ನೂ ಎರಡು ಕೇಸ್ ಬಾಕಿ ಇತ್ತು.

ಅವರಿಗೆ 32 ವರ್ಷ. ಚಿಕ್ಕವರಿದ್ದಾಗ ಆ್ಯಸಿಡ್ ಕುಡಿದು ಅನ್ನನಾಳ ಸುಟ್ಟುಹೋಗಿತ್ತು. ಅದರ ಬದಲಿಗೆ ದೊಡ್ಡ ಕರುಳಿನ ಒಂದು ಭಾಗವನ್ನು ಎದೆಮೂಳೆಯ ಹಿಂದಿನಿಂದ ಮೇಲೆಳೆದು, ಕತ್ತಿನಲ್ಲಿ ಜೋಡಿಸಿದ್ದರು. ಈಗ ಆ ಜೋಡಣೆ ಕಿರಿದಾಗಿತ್ತು. ಬಲೂನಿನಿಂದ ಅದನ್ನು ಹಿಗ್ಗಿಸುವುದು (ಡೈಲಟೇಶನ್), ಮಂಪರಿಗೆ ಸ್ವಲ್ಪ ಪ್ರೊಪೋಫೋಲ್, ಹತ್ತು ನಿಮಿಷದ ಕೆಲಸ. ಎನ್‌ಪಿಓ, ಅಂದರೆ ಬಾಯಿಗೆ ಏನೂ ತಗೊಳ್ಳದೆ, 10 ಗಂಟೆ, ಟಿಕ್. ಆಸ್ತಮಾ ಇದೆ, ಇನ್‌ಹೇಲರ್ ತಗೋತಾರೆ, ಟಿಕ್. ಬಾಯಿ ವಾಸನೆ ಜೋರಾಗಿದೆ ಅಂತ ಸಿಸ್ಟರ್ ಮೆಲ್ಲಗೆ ಹೇಳಿದರು. ಅದಕ್ಕೆ ಫಾರ್ಮ್‌ನಲ್ಲಿ ಟಿಕ್ ಇರಲಿಲ್ಲ.

ಎಂಡೋಸ್ಕೋಪಿ ಡಾಕ್ಟರ್ ಬಲೂನ್ ಹಿಗ್ಗಿಸಿ, ಮತ್ತೆ ಕುಗ್ಗಿಸಿದರು. ಅಷ್ಟೇ. ಸ್ಕೋಪ್ ಪಕ್ಕದಿಂದ ಕಂದು ನೀರು ನುಗ್ಗಿತು, ಅದರಲ್ಲಿ ಹಿಂದಿನ ದಿನದ ಊಟದ ಚೂರುಗಳು. ಕಿರಿದಾಗಿದ್ದ ದಾರಿಯನ್ನು ನಾವೇ ಅಗಲ ಮಾಡಿಕೊಟ್ಟಿದ್ದೆವು. ಎರಡು ಕೆಮ್ಮು, ಆಮೇಲೆ ಕೆಮ್ಮೂ ಇಲ್ಲ. ರಕ್ತದ ಆಕ್ಸಿಜನ್ ಮಟ್ಟ 98ರಿಂದ 84, 71. ತಲೆ ಕೆಳಗೆ ಮಾಡಿ ಅಂತ ಕೂಗಿದೆ. ಆ ಟೇಬಲ್‌ನ ಪೆಡಲ್ ವಾರದಿಂದ ಸಿಕ್ಕಿಹಾಕಿಕೊಂಡಿತ್ತು, ಎರಡು ಸಲ ಬರೆದುಕೊಟ್ಟಿದ್ದೆವು. ನೀರು ಎಳೆಯುವ ಸಕ್ಷನ್ ಪೈಪಿನ ತುದಿಯಲ್ಲಿ ಚೂರು ಸಿಕ್ಕಿಕೊಂಡಿತು. ತುದಿ ಬಿಚ್ಚಿ ಬರೀ ಪೈಪನ್ನೇ ಬಾಯಿಗಿಟ್ಟೆ. ಶ್ವಾಸನಾಳದ ಬಾಯಿ ನೋಡಲು ಲ್ಯಾರಿಂಗೋಸ್ಕೋಪ್ ಹಾಕಿದರೆ ಏನೂ ಕಾಣ್ತಿಲ್ಲ, ಬರೀ ನೀರು. ಒಂದು ಗುಳ್ಳೆ ಎದ್ದಿತು. ಗಾಳಿ ಅಲ್ಲಿಂದ ಬರ್ತಿದೆ ಅಂತ ಅದನ್ನೇ ನಂಬಿ ಉಸಿರಿನ ಟ್ಯೂಬ್ ಇಳಿಸಿದೆ. ಟ್ಯೂಬ್ ಶ್ವಾಸನಾಳದಲ್ಲೇ ಇದೆ ಅಂತ ಹೇಳುವ ಕಾರ್ಬನ್ ಡೈಆಕ್ಸೈಡ್‌ನ ಗೆರೆ ಮಾನಿಟರ್‌ನಲ್ಲಿ ಮೂಡುವವರೆಗೆ ನಾನು ಉಸಿರಾಡಿದ್ದು ನೆನಪಿಲ್ಲ.

ನಾಲ್ಕು ದಿನ ಐಸಿಯು. ಬದುಕಿದರು.

ಆಮೇಲೆ ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇ ಫಿಲ್ಮ್ ನೋಡಿದಾಗ ನಾಚಿಕೆಯಾಯಿತು. ನೆಟ್ಟಗೆ ಇಳಿಯಬೇಕಿದ್ದ ಕರುಳು, ಡಯಾಫ್ರಂ (ಎದೆ-ಹೊಟ್ಟೆ ನಡುವಿನ ಪದರ) ಮೇಲೆ ಚೀಲದ ಹಾಗೆ ಜೋತುಬಿದ್ದು ಬಾಗಿಕೊಂಡಿತ್ತು. ಹೀಗೆ ಹಾಕಿದ ಕರುಳು ವರ್ಷ ಹೋದಂತೆ ಉದ್ದವಾಗಬಹುದು, ಸುರುಳಿಯಾಗಬಹುದು. ಅದು ಅನ್ನನಾಳದ ಹಾಗೆ ಊಟವನ್ನು ತಳ್ಳುವುದಿಲ್ಲ, ಹೆಚ್ಚುಕಡಿಮೆ ಭಾರದಿಂದಲೇ ಇಳಿಯಬೇಕು. ಕೆಳಗೆ ಹೊಟ್ಟೆಯಿಂದ ಮೇಲೆ ಬರುವುದನ್ನು ತಡೆಯಲು ಮೊದಲಿನ ಕವಾಟ ಇಲ್ಲ. ಆಮ್ಲ ಬಂದು ಕೆಳಗಿನ ಜೋಡಣೆಯ ಹತ್ತಿರ ಹುಣ್ಣಾಗುವುದೂ ಉಂಟು. ಅಪರೂಪಕ್ಕೆ ಪಾಲಿಪ್, ಕ್ಯಾನ್ಸರ್ ಕೂಡ. ಎಷ್ಟಾದರೂ ಅದು ದೊಡ್ಡ ಕರುಳೇ ಅಲ್ವಾ? ಇದೆಲ್ಲ ಪರೀಕ್ಷೆಗೆ ಓದಿದ್ದೆ. ಆದರೂ ಹೊಟ್ಟೆ ಖಾಲಿ ಇದ್ದರೆ ಸಾಕು ಅಂದುಕೊಂಡೆ, ಎದೆಯೊಳಗೆ ಇನ್ನೊಂದು ಚೀಲ ತುಂಬಿರಬಹುದು ಅಂತ ಹೊಳೆಯಲಿಲ್ಲ. ಆಸ್ತಮಾ ಅಂತ ಬರೆದಿದ್ದದ್ದು, ಮಲಗಿದಾಗ ಒಳಗಿದ್ದದ್ದು ಮೇಲೆ ಬಂದು ಆಗುತ್ತಿದ್ದ ರಾತ್ರಿಯ ಕೆಮ್ಮು. ಹಿಂದಿನ ತಿಂಗಳ ಎಕ್ಸ್‌ರೇಯಲ್ಲೇ ಎದೆಮೂಳೆಯ ಹಿಂದೆ ನೀರಿನ ಮಟ್ಟ ಕಾಣ್ತಿತ್ತು, ಸಿಸ್ಟಂನಲ್ಲಿ ತೆರೆಯಲು ಮೂರು ಲಾಗಿನ್ ಬೇಕು ಅಂತ ಬಿಟ್ಟಿದ್ದೆ.

ಎರಡನೇ ಸಲ ಎರಡು ದಿನ ಬರೀ ದ್ರವ ಆಹಾರ ಕೊಟ್ಟೆವು. ಎಚ್ಚರ ಇರುವಾಗಲೇ ಕೂರಿಸಿ, ಗಂಟಲಿಗೆ ಸ್ಪ್ರೇ ಹೊಡೆದು, ಸ್ಕೋಪ್‌ನಿಂದ ಒಳಗಿದ್ದದ್ದನ್ನು ಎಳೆದುಕೊಂಡೆವು. ಆಮೇಲೆ ತಲೆ ಎತ್ತರದಲ್ಲೇ ಇಟ್ಟು ಆರ್‌ಎಸ್‌ಐ, ಅಂದರೆ ಬೇಗ ನಿದ್ದೆ ಬರಿಸಿ ತಕ್ಷಣ ಟ್ಯೂಬ್. ಎನ್‌ಪಿಓ 14 ಗಂಟೆ ಆಗಿದ್ದರೂ ಅರ್ಧ ಲೀಟರ್ ಬಂತು.

ಐಸಿಯುನಲ್ಲಿ ಟ್ಯೂಬ್ ತೆಗೆದ ಮರುದಿನವೇ ಕೇಳಿದ್ದೆ, ಮನೆಯಲ್ಲಿ ಹೇಗೆ ಮಲಗ್ತೀರಿ ಅಂತ. ‘ಮೂರು ದಿಂಬು. ಹತ್ತು ವರ್ಷ ಆಯ್ತು’ ಅಂದರು. ಕೋಪ ಇರಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಫಾರ್ಮ್‌ಗೆ ಆ ಪ್ರಶ್ನೆ ಸೇರಿಸಿ ಅಂತ ಮೇಲ್ ಹಾಕಿದ್ದೇನೆ. ಕಮಿಟಿಯ ಮುಂದೆ ಇದೆಯಂತೆ. ಅಲ್ಲಿವರೆಗೆ ಎನ್‌ಪಿಓ ಗೆರೆಯ ಪಕ್ಕ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ: ದಿಂಬು ಎಷ್ಟು?