ಮೆಲ್ಲಗೆ ನುಡಿಯಲೊಲ್ಲದ ಪೇಟಿ

ಹಾರ್ಮೋನಿಯಂ ಪೇಟಿಯಲ್ಲಿ ಸ್ವರ ಹೊರಡಿಸುವ ರೀಡುಗಳನ್ನು ಉಜ್ಜಿದ್ದು, ಗಾಳಿ ಊದುವ ತಿದಿಗೆ ಹೊಸ ಚರ್ಮ ಅಂಟಿಸಿದ್ದು, ಕಲಬುರಗಿಯ ಮೇ ತಿಂಗಳ ಒಣ ಬಿಸಿಲಿಗೆ ಬಾಯ್ಬಿಟ್ಟ ಹಲಗೆಯ ಸಂದುಗಳನ್ನು ಮುಚ್ಚಿದ್ದು, ಇವೆಲ್ಲ ಪೇಟಿ ಬಿಚ್ಚಿದವರಿಗೆ ಗೊತ್ತಿರುವ ಕೆಲಸಗಳಾದ್ದರಿಂದ ಅವನ್ನು ಬಿಟ್ಟು ನೇರವಾಗಿ ಜಗಳದ ವಿಷಯಕ್ಕೆ ಬರುತ್ತೇನೆ. ಮೂರು ತಿಂಗಳ ದುರಸ್ತಿಯಾದ ಮೇಲೆ ನನ್ನ ಪೇಟಿ ಶ್ರುತಿಯಲ್ಲಿ ನಿಂತಿತು, ಗಾಳಿ ಸೋರುವುದೂ ನಿಂತಿತು. ಮೆಲ್ಲಗೆ ನುಡಿಯಲು ಮಾತ್ರ ಒಪ್ಪಲಿಲ್ಲ. ಸೋಮವಾರದ ಭಜನೆಯಲ್ಲಿ ವಚನ ಹಾಡುವ ನಮ್ಮ ಕಾಕಾ ದನಿ ಇಳಿಸಿದಾಗ ಪೇಟಿ ಇಳಿಯದೆ ಅವರ ಮಾತನ್ನೆಲ್ಲ ನುಂಗಿಹಾಕಿತು. "ತಮ್ಮಾ, ನಾ ಹಾಡ್ಲಿಕ್ಕತ್ತೀನೋ, ನಿನ್ನ ಪೇಟಿ ಹಾಡ್ಲಿಕ್ಕತ್ತದೋ?" ಎಂದು ಅವರು ಎಲ್ಲರೆದುರು ಕೇಳಿದ್ದರಿಂದ ಮರುದಿನವೇ ಮತ್ತೆ ಸ್ಕ್ರೂಡ್ರೈವರ್ ಹಿಡಿಯಬೇಕಾಯಿತು.

ಮೊದಲು ಮಾಡಿದ್ದು ಸೋಮಾರಿಯ ಉಪಾಯ. ಮೇಲಿನ ಜಾಲರಿಯ ಒಳಬದಿಗೆ ದಪ್ಪ ಉಣ್ಣೆಯ ಬಟ್ಟೆ ಅಂಟಿಸಿದೆ. ದನಿಯೇನೋ ಕುಗ್ಗಿತು, ಆದರೆ ಅದು ಪಕ್ಕದ ಮನೆಯಲ್ಲಿ ಯಾರೋ ಜೋರಾಗಿ ಬಾರಿಸುತ್ತಿರುವಂತೆ ಕೇಳಿತು. ಕಾರಣ ತಿಳಿಯಲು ಒಂದೇ ಷಡ್ಜವನ್ನು ಮೆಲ್ಲಗೆ ಮತ್ತು ಜೋರಾಗಿ ನುಡಿಸಿ, ಧ್ವನಿಮುದ್ರಿಸಿ, ಎರಡರ ಮಟ್ಟವನ್ನೂ ಕಂಪ್ಯೂಟರಿನಲ್ಲಿ ಸಮ ಮಾಡಿ ಕೇಳಿದೆ. ಆಗಲೂ ಯಾವುದು ಜೋರಿನದೆಂದು ಕಣ್ಣು ಮುಚ್ಚಿಯೇ ಹೇಳಬಹುದಿತ್ತು. ಗಾಳಿಯ ಒತ್ತಡ ಏರಿದಾಗ ರೀಡಿನ ನಾಲಗೆಯಿಂದ ಹೊರಡುವ ಮೇಲಿನ ಉಪಸ್ವರಗಳು ಮೂಲಸ್ವರಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಏರುತ್ತವೆ, ಆ ಚೂಪನ್ನೇ ಕಿವಿ ಜೋರು ಎಂದು ಗುರುತಿಸುತ್ತದೆ. ಹಾಡುಗಾರನ ಗಂಟಲೂ ಹೀಗೆಯೇ: ದೂರದಿಂದ ಕೂಗಿದ ಮಾತನ್ನು ಯಾರೂ ಪಿಸುಮಾತು ಎಂದು ತಿಳಿಯುವುದಿಲ್ಲ. ಆದ್ದರಿಂದ ದನಿಯನ್ನು ಹೊರಗೆ ಮುಚ್ಚುವುದರಿಂದ ಪ್ರಯೋಜನವಿಲ್ಲ, ಒಳಗಿನ ಒತ್ತಡವನ್ನೇ ಇಳಿಸಬೇಕು. ಉಣ್ಣೆಯ ಬಟ್ಟೆ ಈಗ ಬೆಕ್ಕಿನ ಹಾಸಿಗೆಯಾಗಿದೆ.

ಅಳತೆಗೆ ಕುಳಿತದ್ದು ರಾತ್ರಿ, ಫ್ಯಾನು ಆರಿಸಿ, ಬೆವರು ಸುರಿಸುತ್ತ. ಶಹಾಬಾದಿ ಫರಶಿಯ ನೆಲ ದನಿಯನ್ನು ಹಾಗೆಯೇ ಹಿಂದಿರುಗಿಸುವುದರಿಂದ ಜಮಖಾನೆ ಹಾಸಿ, 1 ಮೀಟರ್ ದೂರದಲ್ಲಿ ಫೋನಿಟ್ಟೆ. ಫೋನಿನ ಡೆಸಿಬೆಲ್ ಅಂಕಿಯನ್ನು ನಾನು ನಂಬುವುದಿಲ್ಲ, ಎರಡು ಅಂಕಿಗಳ ನಡುವಿನ ಅಂತರವನ್ನು ನಂಬುತ್ತೇನೆ. ಅತಿ ಮೆಲ್ಲಗೆ ಮತ್ತು ಅತಿ ಜೋರಿನ ನಡುವೆ ಸಿಕ್ಕದ್ದು ಬರೀ 5 ಡೆಸಿಬೆಲ್. ಸುಮಾರು 10 ಡೆಸಿಬೆಲ್ ಏರಿದರೆ ದನಿ ಇಮ್ಮಡಿಯಾದಂತೆ ಕಿವಿಗೆ ತೋರುತ್ತದೆ, ಅಂದರೆ ನನ್ನ ಪೇಟಿಗೆ ಇಮ್ಮಡಿಯಾಗುವ ಯೋಗ್ಯತೆಯೂ ಇರಲಿಲ್ಲ.

ಆಮೇಲೆ ಒತ್ತಡ ಅಳೆಯಲು ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಗಾಳಿಪೆಟ್ಟಿಗೆಗೆ ಸಿಕ್ಕಿಸಿದೆ. ಊದಿದ ಗಾಳಿಯನ್ನು ಕೂಡಿಟ್ಟುಕೊಳ್ಳುವ ಒಳತಿದಿ ಬಿಚ್ಚಿಕೊಳ್ಳಲು ತೊಡಗುವ ಹೊತ್ತಿಗೇ ನೀರು 72 ಮಿಲಿಮೀಟರ್ ಏರಿತ್ತು. ಒಳತಿದಿ ತೆರೆಯುವ ಮುನ್ನ ಕೈಯ ಒಂದೊಂದು ನಡುಕವೂ ಸ್ವರದಲ್ಲಿ ಕೇಳುತ್ತದೆ. ತೆರೆದ ಮೇಲೆ ಒತ್ತಡವನ್ನು ಕಾಯುವುದು ಒಳತಿದಿಯನ್ನು ಒತ್ತಿ ಹಿಡಿಯುವ ಸ್ಪ್ರಿಂಗು. ಹೀಗಾಗಿ ನೆಮ್ಮದಿಯಿಂದ ನುಡಿಸಬಹುದಾದ ಅತಿ ಮೆಲುದನಿ ಎಷ್ಟೆಂಬುದನ್ನು ನನ್ನ ಕೈಗಿಂತ ಮೊದಲು ಸ್ಪ್ರಿಂಗೇ ನಿರ್ಧರಿಸುತ್ತಿತ್ತು.

ಈ ಸ್ಪ್ರಿಂಗುಗಳನ್ನು ಕಳಿಸಿದ ಪುಣ್ಯಾತ್ಮರ ವಿಷಯಕ್ಕೆ ಬರುತ್ತೇನೆ. ನಾನು ಕೇಳಿದ್ದು 2 ಮಿಲಿಮೀಟರ್ ತಂತಿಯದು. ಬಂದದ್ದನ್ನು ಅಳೆಯದೆ ಕೂಡಿಸಿದ್ದು ನನ್ನ ತಪ್ಪು, 2.5 ಕಳಿಸಿದ್ದು ಅವರದು. ಫೋನಿನಲ್ಲಿ ವಿಚಾರಿಸಿದರೆ "ಅರ್ಧ ಮಿಲಿಮೀಟರಿಗೆ ಏನಾಗತದ್ರೀ?" ಎಂಬ ಉತ್ತರ. ಆಗುವುದೇನೆಂದರೆ, ಆಕಾರ ಒಂದೇ ಇದ್ದಾಗ ಸ್ಪ್ರಿಂಗಿನ ಬಿಗಿತ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ, 1.25ರ ನಾಲ್ಕನೆಯ ಘಾತ 2.44. ಕೇಳಿದ್ದಕ್ಕಿಂತ ಎರಡೂವರೆ ಪಟ್ಟಿಗೆ ಹತ್ತಿರದ ಬಿಗಿತವನ್ನು ಅವರು ಅದೇ ಬೆಲೆಗೆ ಕೊಟ್ಟಿದ್ದಾರೆ, ಆ ಮಟ್ಟಿಗೆ ಉದಾರಿಗಳು.

2 ಮಿಲಿಮೀಟರ್ ಸ್ಪ್ರಿಂಗು ತಂತಿ ತಂದು, ಮರದ ಅಚ್ಚಿನ ಮೇಲೆ ನಾನೇ ಬಗ್ಗಿಸಿದೆ. ಎರಡು ಮುರಿದವು, ಒಂದು ಹಾರಿ ಗಡಿಯಾರಕ್ಕೆ ಬಡಿಯಿತು, ಉಳಿದವು ಕೂತವು. ಈಗ ಒಳತಿದಿ 34 ಮಿಲಿಮೀಟರಿಗೆ ತೆರೆಯುತ್ತದೆ, ದನಿಯ ಅಂತರ 11 ಡೆಸಿಬೆಲ್. ಒತ್ತಡ ಇಳಿದದ್ದರಿಂದ ಸ್ವರಗಳೆಲ್ಲ ಒಂದೆಳೆ ಮೇಲಕ್ಕೆ ಸರಿದು, ಶ್ರುತಿಯನ್ನು ಮತ್ತೆ ಮೊದಲಿನಿಂದ ಕೂಡಿಸಬೇಕಾಯಿತೆಂಬುದನ್ನು ಮನೆಯವರಿಗೆ ಹೇಳಿಲ್ಲ.

ಇನ್ನೂ ಒಂದು ತಕರಾರಿದೆ. ಮೆಲ್ಲಗೆ ನುಡಿಸಿದಾಗ ಮಂದ್ರದ ಸ್ವರಗಳು ಮಾಯವಾದಂತೆ ಕೇಳುತ್ತವೆ. ಸ್ವಲ್ಪ ಮಟ್ಟಿಗೆ ಇದು ಕಿವಿಯದೇ ಗುಣ: ದನಿ ಕುಗ್ಗಿದಂತೆ ತಗ್ಗಿನ ಸ್ವರಗಳು ನಮಗೆ ಬೇಗ ಕಳೆದುಹೋಗುತ್ತವೆ ಎಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಗೆರೆ ಎಳೆದು ತೋರಿಸಿದ್ದಾರೆ. ಆದರೆ ಮೂರು ರೀಡುಗಳ ಅಪರಾಧವನ್ನು ಕಿವಿಯ ಮೇಲೆ ಹಾಕಲಾಗದು, ಅವು ನಿಜವಾಗಿಯೂ ತಡವಾಗಿ ಏಳುತ್ತವೆ. ನಾಲಗೆಯ ತುದಿಯನ್ನು ಚೌಕಟ್ಟಿನತ್ತ ತುಸು ಇಳಿಸಿದರೆ ಕಡಿಮೆ ಗಾಳಿಗೂ ನುಡಿಯುತ್ತವೆ, ಹೆಚ್ಚು ಇಳಿಸಿದರೆ ಜೋರಾಗಿ ಒತ್ತಿದಾಗ ಉಸಿರುಗಟ್ಟುತ್ತವೆ. ಒಂದನ್ನು ಆಗಲೇ ಉಸಿರುಗಟ್ಟಿಸಿಯಾಗಿದೆ.

ಈ ನಡುವೆ ಅಟ್ಟದ ಮೇಲಿನ ಗುಜರಿ ಪೇಟಿ ಕಣ್ಣು ಕುಕ್ಕುತ್ತಿದೆ. ಯುರೋಪಿನ ಕಾಲುಪೇಟಿಗಳಲ್ಲಿ ಒಂದು ಗುಂಡಿ ಎಳೆದರೆ ಗಾಳಿ ಸಂಗ್ರಹದ ತಿದಿಯ ದಾರಿಯೇ ಮುಚ್ಚಿ, ಕಾಲಿನ ಒತ್ತಡ ನೇರವಾಗಿ ರೀಡಿಗೆ ತಲುಪುತ್ತದೆ. ಅಂಥದೊಂದು ಕವಾಟವನ್ನು ಕೈಪೇಟಿಗೆ ಕೂಡಿಸುವ ನಕ್ಷೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಿದ್ಧವಾಗಿದೆ. ತೇಗದ ತುಂಡೂ ಇದೆ. ಆ ಮೂರು ರೀಡುಗಳು ಮಾತು ಕೇಳಿದ ಮೇಲೆ ಅದನ್ನು ಕೊಯ್ಯುತ್ತೇನೆ.